ಐದನೇ ಕವಲು

ಕತ್ತರಿ ಟಕ್ ಎಂದಿತು. ಬೀಳಬೇಕಾಗಿದ್ದದ್ದು ಒಂದು ಕಡ್ಡಿಯ ತುದಿ, ಉಗುರಿನಷ್ಟು. ಬಿದ್ದದ್ದು ಕೆಳಗಿನ ಎಡಗೊಂಬೆಯ ಮುಕ್ಕಾಲು ಪಾಲು. ಎಂಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಕೊಂಬೆ, ಮೇಜಿಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಪೊರಕೆಯಿಂದ ಉದುರಿದ ಕಡ್ಡಿಯಂತೆ ಬಿದ್ದುಕೊಂಡಿತು. ಬೋನ್ಸಾಯ್ ಸಂಘದ ಇಪ್ಪತ್ತೆರಡು ಮಂದಿ ಸದಸ್ಯರು ಸುತ್ತ ನಿಂತಿದ್ದರು. ಹಿಂದಿನ ಸಾಲಿನಲ್ಲಿದ್ದ ಬೇಕರಿಯವನು ಅಯ್ಯೋ ಎಂದು, ಎಂದದ್ದು ತಪ್ಪಾಯಿತೇನೋ ಎಂಬಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ಸೂಜಕ್ಕ ಕತ್ತರಿಯನ್ನು ಕೆಳಗಿಟ್ಟಳು. ಅಷ್ಟು ಹೊತ್ತು ಗಡಗಡ ನಡುಗುತ್ತಿದ್ದ ಬಲಗೈ, ಕತ್ತರಿ ಬಿಟ್ಟ ಕೂಡಲೇ ತನಗೇನೂ ಗೊತ್ತೇ ಇಲ್ಲವೆಂಬ ಹಾಗೆ ತೆಪ್ಪಗಾಯಿತು. ಆ ಕೈಯನ್ನು ಎತ್ತಿ ಮೇಜಿಗೆ ಬಡಿಯಬೇಕೆನ್ನಿಸಿತು ಅವಳಿಗೆ. ಬಡಿಯಲಿಲ್ಲ. ಬಿದ್ದ ಕೊಂಬೆಯನ್ನು ಎತ್ತಿ ಸೆರಗಿನ ತುದಿಯಲ್ಲಿ ಸುತ್ತಿಕೊಂಡಳು.

ಅವಳ ನಿಜವಾದ ಹೆಸರು ಸಂಘದ ರಿಜಿಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ರಫೂ ಕೆಲಸ ಮಾಡಿದವಳು ಅವಳು. ಸಿಗರೇಟು ಬಿದ್ದು ಸುಟ್ಟ ಕೋಟು, ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ರೇಷ್ಮೆ, ಏನೇ ಬಂದರೂ ಎಳೆಗೆ ಎಳೆ ಕೂಡಿಸಿ, ಅಲ್ಲಿ ಹರಿದೇ ಇರಲಿಲ್ಲವೆನ್ನುವಂತೆ ಮಾಡಿ ಕೊಡುತ್ತಿದ್ದಳು. ಇಸ್ತ್ರಿ ಮಾಡುವ ಹೆಂಗಸರು ಇಟ್ಟ ಹೆಸರು ಸೂಜಕ್ಕ. ಅದು ಅವಳ ಬೆರಳಿಗೂ ಒಪ್ಪುತ್ತಿತ್ತು, ನಾಲಿಗೆಗೂ ಒಪ್ಪುತ್ತಿತ್ತು. ಕೆಲಸ ಬಿಟ್ಟ ಮೇಲೂ ಹೆಸರು ಅವಳನ್ನು ಬಿಡಲಿಲ್ಲ.

ಈಗ ಮೇಜಿನ ಮೇಲಿದ್ದ ಮರದ ವಿಷಯ. ಅದೊಂದು ಎಲ್ಮ್ ಮರ. ಅಂಗೈಯಗಲದ ಕಾಂಡ, ಮೊಣಕಾಲೆತ್ತರದ ಮೈ, ಗರಗಸದ ಅಂಚಿನ ಪುಟ್ಟ ಎಲೆ. ಎಂಟು ವರ್ಷದ ಹಿಂದೆ ರೈಲ್ವೆ ಯಾರ್ಡಿನ ಹಿಂದಿನ ಹಳೆಯ ಬೇಲಿಯನ್ನು ಯಂತ್ರ ತಂದು ಕಿತ್ತುಹಾಕುವವರಿದ್ದರು. ಬೇಲಿಯೆಂದು ನೆಟ್ಟ ಎಲ್ಮ್ ಗಿಡಗಳನ್ನು ವರ್ಷ ವರ್ಷವೂ ಸೊಂಟದೆತ್ತರಕ್ಕೆ ಸವರಿ ಸವರಿ, ಮೇಲಕ್ಕೆ ಹೋಗಲು ಬಿಡದೆ, ಬುಡ ಮಾತ್ರ ದಪ್ಪವಾಗಿ ಕೂತಿತ್ತು. ಸಂಘದವರು ಅನುಮತಿ ಪಡೆದು ಗುದ್ದಲಿ ಹಿಡಿದು ಹೋದರು. ಒಬ್ಬೊಬ್ಬರಿಗೆ ಒಂದೊಂದು ಬುಡ ಸಿಕ್ಕಿತು. ಹಾಗೆ ತಂದದ್ದಕ್ಕೆ ಒಂದು ಕರಾರೂ ಇತ್ತು: ಹತ್ತು ವರ್ಷದವರೆಗೆ ಮರ ಸಂಘದ್ದು, ಸಾಕುವವರು ಸಾಕಬಹುದು, ಸಾಕಲು ಕೈಲಾಗದಿದ್ದರೆ ಸಂಘಕ್ಕೆ ಒಪ್ಪಿಸಬೇಕು. ಸೂಜಕ್ಕನೂ ಆವತ್ತು ನಗುನಗುತ್ತಲೇ ಅದಕ್ಕೆ ರುಜು ಹಾಕಿದ್ದಳು. ಕೈಲಾಗದೆ ಹೋಗುವ ಕಾಲ ಬರುತ್ತದೆಂದು ಯಾರು ತಾನೇ ಅಂದುಕೊಳ್ಳುತ್ತಾರೆ.

ಸಂಘದ ಅಧ್ಯಕ್ಷರು ನಿವೃತ್ತ ಸರ್ವೇಯರು. ಅವರ ಅಂಗಿಯ ಜೇಬಿನಿಂದ ಸ್ಟೀಲ್ ಸ್ಕೇಲೊಂದು ಸದಾ ತಲೆ ಹೊರಗೆ ಹಾಕಿಕೊಂಡಿರುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ಅವರನ್ನು ಅಳತೆಗೋಲು ಎನ್ನುತ್ತಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಲು ಸುಲಭವಾಗುತ್ತಿತ್ತು.

"ಸೂಜಕ್ಕ, ಬೇಜಾರು ಮಾಡ್ಕೋಬೇಡಿ," ಎಂದರು ಅವರು, ಎಲ್ಲರೂ ಕೇಳುವ ಹಾಗೆ. "ಈ ಮರಾನ ನನ್ನ ಹತ್ರ ಬಿಡಿ. ನಿಮ್ಮ ಹೆಸರಲ್ಲೇ ಇರ್ಲಿ. ನೀವು ಬಂದು ನೋಡಿ, ನೀರು ಹಾಕಿ, ಯಾರು ಬೇಡ ಅಂತಾರೆ? ಕತ್ತರಿ ಕೆಲಸ ಒಂದು ನನಗಿರ್ಲಿ."

"ಯಾಕೆ?"

"ಯಾಕೆ ಅಂದ್ರೆ... ಎಲ್ರೂ ನೋಡಿದ್ರಲ್ಲ."

"ಕೊಂಬೆ ಹೋಗಿದ್ದನ್ನ ನೋಡಿದ್ರು. ಮರ ಹೋಗಿದ್ದನ್ನ ಯಾರೂ ನೋಡಿಲ್ಲ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಕರಾರು ನಿಮಗೆ ನೆನಪಿರ್ಬೇಕು. ದಪ್ಪ ಬುಡದ ಮರಕ್ಕೆ ಸಣ್ಣ ಕವಲು ತರೋದು ಹುಡುಗಾಟ ಅಲ್ಲ. ನಿಮ್ಮದರಲ್ಲಿ ಇರೋದೇ ಮೂರು ಕವಲು. ಅದರಲ್ಲಿ ಈಗ ಒಂದು ಕೊಂಬೆನೇ ಹೋಯ್ತು."

ಕವಲಿನ ಲೆಕ್ಕ ಸಂಘದಲ್ಲಿ ಎಲ್ಲರಿಗೂ ಬಾಯಿಪಾಠ. ಕಾಂಡದಿಂದ ಕೊಂಬೆ ಒಡೆದರೆ ಒಂದನೇ ಕವಲು, ಕೊಂಬೆಯಿಂದ ರೆಂಬೆ ಒಡೆದರೆ ಎರಡು, ರೆಂಬೆಯಿಂದ ಕಡ್ಡಿ ಒಡೆದರೆ ಮೂರು. ಹೀಗೆ ಐದನೇ ಕವಲಿನವರೆಗೆ ಹೋದ ಮರ, ಚಳಿಗಾಲದಲ್ಲಿ ಎಲೆಯುದುರಿ ಬೋಳಾಗಿ ನಿಂತಾಗ, ದೂರದ ಬಯಲಿನಲ್ಲಿರುವ ನೂರು ವರ್ಷದ ಹೆಮ್ಮರದ ಹಾಗೆ ಕಾಣುತ್ತದೆ. ಐದು ಇಲ್ಲದಿದ್ದರೆ ಅದು ಕುಂಡದಲ್ಲಿ ನೆಟ್ಟ ಸೌದೆ. ಚಳಿಗಾಲದ ಪ್ರದರ್ಶನದಲ್ಲಿ ಮುಂದಿನ ಮೇಜು ಸಿಗುವುದು ಐದು ಕವಲಿನ ಮರಕ್ಕೆ ಮಾತ್ರ. ಸೂಜಕ್ಕ ಮೊದಲ ಐದು ವರ್ಷವನ್ನು ಕೊಂಬೆ ದಪ್ಪ ಮಾಡುವುದಕ್ಕೇ ಕೊಟ್ಟಿದ್ದಳು. ಸಣ್ಣ ಕವಲಿನ ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಸರಿಯಾಗಿ ಕೈಯೇ ಕೈಕೊಟ್ಟಿತ್ತು.

"ಎಲೆ ಉದುರೋವರೆಗೆ ಟೈಮ್ ಕೊಡಿ," ಎಂದಳು. "ಐದು ತೋರಿಸ್ತೀನಿ."

ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನಗಲಿಲ್ಲ. "ಮೂರು ವರ್ಷ ಕತ್ತರಿ ಆಡಿಸಿ ಎರಡು ಕವಲು ತಂದಿದ್ದೀರಿ. ಇನ್ನೆರಡು, ಒಂದೇ ಬೇಸಿಗೇಲಿ?"

"ಹೂಂ."

"ತೋರಿಸ್ಲಿಲ್ಲ ಅಂದ್ರೆ?"

"ನಾನೇ ಹೊತ್ಕೊಂಡ್ ಬಂದು ನಿಮ್ಮ ಗೇಟಿನ ಹತ್ರ ಇಳಿಸಿ ಹೋಗ್ತೀನಿ. ಕೇಳೋಕೆ ಯಾರನ್ನೂ ಕಳಿಸ್ಬೇಡಿ."

ಮಾತು ಬಾಯಿಂದ ಹೊರಬಿದ್ದ ಮೇಲೆ, ಹೆಚ್ಚು ಹೇಳಿಬಿಟ್ಟೆನೆಂದು ಅವಳಿಗೆ ಗೊತ್ತಾಯಿತು. ಆದರೆ ಮುಖದಲ್ಲಿ ಅದನ್ನು ತೋರಿಸಿಕೊಂಡರೆ ಸೂಜಕ್ಕ ಹೇಗಾದಾಳು.

ಅವಳ ಗಂಡನಿಗೆ ಕಟಿಂಗ್ ಅಂಗಡಿ. ಮುಂದೆ ಎರಡು ಕುರ್ಚಿ, ಎರಡು ಕನ್ನಡಿಯ ಅಂಗಡಿ, ಹಿಂದೆ ಮನೆ, ನಡುವೆ ಕಲ್ಲುಹಾಸಿನ ಅಂಗಳ. ಆ ಅಂಗಳದಲ್ಲಿ, ಗಿರಾಕಿಗಳು ಕನ್ನಡಿಯಲ್ಲಿ ನೋಡಿದರೆ ಬೆನ್ನ ಹಿಂದಿನ ಬಾಗಿಲಿಂದ ಕಾಣುವ ಹಾಗೆ, ಕಟ್ಟೆಯ ಮೇಲೆ ಎಲ್ಮ್ ಮರ. ನಡೆದದ್ದನ್ನು ಕೇಳಿ ಗಂಡ ಸಂಕಟಪಟ್ಟ. ಆಮೇಲೆ ಉಪಾಯ ಹೇಳಿದ.

"ನಾನಿಲ್ವೇನೇ? ನಲವತ್ತು ವರ್ಷ ಕತ್ತರಿ ಹಿಡಿದಿದ್ದೀನಿ. ನೀನು ಇಲ್ಲಿ ಅಂತ ಬೆರಳು ತೋರಿಸು, ನಾನು ಕಚಕ್ ಅನ್ನಿಸ್ತೀನಿ."

"ನೀವು ತಲೆ ನೋಡಿದೋರು. ತಲೇಲಿ ತಪ್ಪಾದ್ರೆ ತಿಂಗಳಿಗೆ ವಾಪಸ್ ಬರುತ್ತೆ. ಇದು ವರ್ಷಗಟ್ಟಲೆ ಮುನಿಸ್ಕೊಂಡಿರುತ್ತೆ."

"ಇವತ್ತು ನೀನೇ ಕತ್ತರಿಸಿದ್ಯಲ್ಲ, ಅದು?"

ಅಂದವನೇ ನಾಲಿಗೆ ಕಚ್ಚಿಕೊಂಡ. ಸೂಜಕ್ಕ ಏನೂ ಹೇಳಲಿಲ್ಲ. ಹೇಳದಿರುವುದು ಅವಳ ಜಗಳದಲ್ಲಿ ಎಲ್ಲಕ್ಕಿಂತ ದೊಡ್ಡ ಜಗಳ. ಅವನು ತಟ್ಟೆಯ ಊಟವನ್ನು ತಲೆಯೆತ್ತದೆ ಮುಗಿಸಿದ.

ಡಾಕ್ಟರು ಆಗಲೇ ಹೇಳಿದ್ದರು: ಈ ಕೈನಡುಕ ಪ್ರಾಣ ತೆಗೆಯುವ ಕಾಯಿಲೆ ಅಲ್ಲ, ಆದರೆ ಹೋಗುವ ಕಾಯಿಲೆಯೂ ಅಲ್ಲ, ನಿಧಾನವಾಗಿ ಜಾಸ್ತಿಯಾಗುತ್ತದೆ. ಮಾತ್ರೆ ನುಂಗಿದರೆ ನಡುಕ ಅರ್ಧ ಕಮ್ಮಿ, ನಿದ್ದೆ ಎರಡರಷ್ಟು. ಸೂಜಕ್ಕ ಮಾತ್ರೆಯನ್ನು ಡಬ್ಬಿಯಲ್ಲೇ ಮಲಗಲು ಬಿಟ್ಟಳು. ಪೊರಕೆ ಕಡ್ಡಿಗಳನ್ನು ಮಣ್ಣಿನ ಕುಂಡಕ್ಕೆ ಚುಚ್ಚಿ, ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗುರುತಿನ ಮೇಲೆ ಕತ್ತರಿಸುವ ಅಭ್ಯಾಸ ಮಾಡಿದಳು. ಮಣಿಕಟ್ಟಿಗೆ ಮರಳಿನ ಚೀಲ ಕಟ್ಟಿಕೊಂಡು ನೋಡಿದಳು. ಎಡಗೈಯಲ್ಲಿ ನೋಡಿದಳು. ಮೊಣಕೈಯನ್ನು ಮೇಜಿಗೆ ಊರಿ, ಗಂಡ ಗಡ್ಡ ಕೆರೆಯುವಾಗ ಮಾಡುವಂತೆ ಕಿರುಬೆರಳಿಗೆ ಆಸರೆ ಕೊಟ್ಟು ನೋಡಿದಳು. ಹತ್ತರಲ್ಲಿ ನಾಲ್ಕು ಸರಿ, ಆರು ತಪ್ಪು. ಪೊರಕೆ ಮುಗಿಯಿತು, ಅಂಗಡಿ ಗುಡಿಸಲು ಗಂಡ ಹೊಸದು ತರಬೇಕಾಯಿತು.

ಚಳಿ ಸರಿದು ಮೊಗ್ಗುಗಳು ಉಬ್ಬಿದವು. ಒಂದು ಬೆಳಿಗ್ಗೆ ಚಿಗುರು ಬಿಚ್ಚಿಕೊಂಡದ್ದನ್ನು ನೋಡಲು ಅವಳು ಕನ್ನಡಕ ಏರಿಸಿ, ಒಂದು ಚಿಗುರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದಳು. ಎರಡು ಎಲೆ ಬಿಡಿಸಿಕೊಂಡಿದ್ದವು, ಮೂರನೆಯದು ಇನ್ನೂ ಮಡಚಿಕೊಂಡೇ ಇತ್ತು. ಕೈ ನಡುಗುತ್ತಿತ್ತು. ಅದರೊಂದಿಗೆ ಚಿಗುರೂ ನಡುಗುತ್ತಿತ್ತು. ಎರಡೂ ಒಟ್ಟಿಗೆ, ಒಂದೇ ತಾಳದಲ್ಲಿ. ಸೂಜಕ್ಕ ಇನ್ನಷ್ಟು ಬಗ್ಗಿ ನೋಡಿದಳು. ಕತ್ತರಿ ಹಿಡಿದಾಗ ಕೈಯೊಂದು ಕಡೆ, ಕಡ್ಡಿಯೊಂದು ಕಡೆ, ನಡುವೆ ಗಾಳಿ. ಆ ಗಾಳಿಯಲ್ಲೇ ಗುರಿ ತಪ್ಪುತ್ತಿತ್ತು. ಇಲ್ಲಿ ಉಗುರಿಗೂ ಚಿಗುರಿಗೂ ನಡುವೆ ಏನೂ ಇಲ್ಲ. ತಪ್ಪಬೇಕೆಂದರೂ ಜಾಗವಿಲ್ಲ. ಮಡಚಿದ ಮೂರನೇ ಎಲೆಯನ್ನು ಅವಳು ಉಗುರಿನಿಂದ ಚಿವುಟಿದಳು. ಚಿವುಟಿದ್ದು ಸರಿಯಾಗಿ ಚಿವುಟಬೇಕಾದ ಕಡೆಯೇ.

ಇನ್ನೊಂದು ಚಿಗುರು. ಅದೂ ಸರಿ. ಹತ್ತಕ್ಕೆ ಹತ್ತು.

"ರೀ," ಎಂದು ಕೂಗಿದಳು. ಗಂಡ ಸೋಪಿನ ಬ್ರಷ್ ಹಿಡಿದುಕೊಂಡೇ ಓಡಿಬಂದ. ಅವಳು ಕಣ್ಣುಮುಚ್ಚಿ, ಬೆರಳಿನಲ್ಲೇ ತಡವಿ ಹನ್ನೊಂದನೆಯದನ್ನೂ ಚಿವುಟಿ ತೋರಿಸಿದಳು. ಹರಿದ ಎಳೆ ಎಲ್ಲಿದೆಯೆಂದು ಮೂವತ್ತೊಂದು ವರ್ಷ ಬೆರಳಿನ ತುದಿಯಲ್ಲೇ ಹುಡುಕಿದವಳಿಗೆ ಇದೇನು ದೊಡ್ಡದು.

ಆದರೆ ಒಂದು ತೊಡಕಿತ್ತು. ಉಗುರಿಗೆ ಬಗ್ಗುವುದು ಎಳೆ ಚಿಗುರು ಮಾತ್ರ. ಎರಡು ದಿನ ಬಿಟ್ಟರೆ ಅದು ನಾರಾಗುತ್ತದೆ, ಆಮೇಲೆ ಕತ್ತರಿಯೇ ಬೇಕು. ಸಂಘದಲ್ಲಿ ಎಲ್ಲರೂ ಚಿಗುರು ಐದಾರು ಎಲೆ ಬಿಡುವವರೆಗೆ ಕಾದು, ಒಂದು ಭಾನುವಾರ ಕೂತು, ಕತ್ತರಿಯಲ್ಲಿ ಎರಡೆಲೆಗೆ ಇಳಿಸುತ್ತಿದ್ದರು. ಸೂಜಕ್ಕನಿಗೆ ಭಾನುವಾರದ ಭಾಗ್ಯವಿರಲಿಲ್ಲ. ದಿನಾ ಬೆಳಿಗ್ಗೆ, ನೀರು ಕಾಯುವ ಮೊದಲೇ, ಮರದ ಸುತ್ತ ಒಂದು ಸುತ್ತು. ಯಾವ ಚಿಗುರು ಇವತ್ತು ಎರಡೆಲೆ ಬಿಚ್ಚಿದೆ, ಯಾವುದು ನಾಳೆಗೆ. ಚಿಗುರು ಕೊಬ್ಬದಿರಲೆಂದು ಗೊಬ್ಬರ ಹಾಕುವುದನ್ನೂ ನಿಲ್ಲಿಸಿದಳು.

ಹೀಗೆ ಬೇಗ ಚಿವುಟಿದ್ದಕ್ಕೆ ಅವಳು ಎಣಿಸದೇ ಇದ್ದ ಫಲವೊಂದು ಸಿಕ್ಕಿತು. ಉದ್ದ ಬೆಳೆಯಲು ಬಿಟ್ಟ ಚಿಗುರಿನಲ್ಲಿ ಒಂದೆಲೆಗೂ ಇನ್ನೊಂದೆಲೆಗೂ ನಡುವೆ ಬೆರಳಗಲ ಜಾಗ ಬಿದ್ದುಬಿಡುತ್ತದೆ. ಇವಳದರಲ್ಲಿ ಸಾಸಿವೆ ಕಾಳಿನಷ್ಟು. ಆ ಎರಡೂ ಎಲೆಗಳ ಕಂಕುಳಲ್ಲಿ ಮಲಗಿದ್ದ ಮೊಗ್ಗುಗಳು ಮೂರು ವಾರಕ್ಕೆ ಎದ್ದವು. ಒಂದಿದ್ದ ಕಡೆ ಎರಡು. ಕಡ್ಡಿಯಿಂದ ಕಡ್ಡಿ. ನಾಲ್ಕನೇ ಕವಲು ಅಂಗಳದಲ್ಲಿ ಯಾರ ಅನುಮತಿಯನ್ನೂ ಕೇಳದೆ ಹುಟ್ಟಿಕೊಂಡಿತ್ತು.

ಉಳಿದದ್ದು ಆ ಮೊಂಡಾದ ಎಡಗೊಂಬೆ. ಕತ್ತರಿಸಿದ ಬಾಯಿಯ ಸುತ್ತ ಎಂಟು ಚಿಗುರು ಒಟ್ಟಿಗೆ ಎದ್ದವು. ಆರನ್ನು ತೆಗೆದು ಎರಡನ್ನು ಉಳಿಸಿಕೊಂಡಳು. ಅವೆರಡನ್ನು ಮಾತ್ರ ಚಿವುಟಲಿಲ್ಲ. ಉದ್ದಕ್ಕೆ ಹೋಗಲಿ, ಎಲೆ ಹೊರಲಿ, ದಪ್ಪವಾಗಲಿ, ಆಮೇಲೆ ನೋಡೋಣ ಎಂದು ಬಿಟ್ಟಳು. ಬಲವಿದ್ದದ್ದನ್ನು ತಡೆಯಬೇಕು, ಸೊರಗಿದ್ದನ್ನು ಬಿಡಬೇಕು. ಬೇಸಿಗೆಯ ಹೊತ್ತಿಗೆ ಇಡೀ ಮರ ಬಾಚಿದಂತೆ ಒಪ್ಪವಾಗಿದ್ದು, ಕೆಳಗಿನ ಎಡಮೂಲೆಯಿಂದ ಮಾತ್ರ ಎರಡು ಉದ್ದ ಚಿಗುರು ಮೊಳದಷ್ಟು ಚಾಚಿಕೊಂಡು ಗಾಳಿಗೆ ತೂಗುತ್ತಿದ್ದವು. ನೋಡಲು ಚೆನ್ನಾಗಿರಲಿಲ್ಲ. ಚೆನ್ನಾಗಿರಬೇಕೆಂದು ಬಿಟ್ಟದ್ದೂ ಅಲ್ಲ.

ಆ ಹೊತ್ತಿಗೇ ಡಾಕ್ಟರು ಪರೀಕ್ಷೆಗಳಿಗೆಂದು ಅವಳನ್ನು ಎರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಹೋಗುವಾಗ ಗಂಡನಿಗೆ ಹೇಳಿದ್ದು ಒಂದೇ ಮಾತು: "ಬೆಳಿಗ್ಗೆ ಸಾಯಂಕಾಲ ನೀರು. ಇನ್ನೇನೂ ಮಾಡೋಕೆ ಹೋಗ್ಬೇಡಿ."

ಅವನು ನೀರು ಹಾಕಿದ. ಮೊದಲ ದಿನ ನೀರು ಮಾತ್ರ ಹಾಕಿದ. ಎರಡನೇ ದಿನ ಗಿರಾಕಿಗೆ ಕಟಿಂಗ್ ಮಾಡುತ್ತಾ ಕನ್ನಡಿ ನೋಡಿದಾಗ ಅದರೊಳಗೆ ಮರ ಕಂಡಿತು. ಒಂದು ಕಡೆಯೆಲ್ಲಾ ನೀಟು, ಇನ್ನೊಂದು ಕಡೆ ಎರಡು ಜುಟ್ಟು ಜೋತುಬಿದ್ದಿವೆ. ನಲವತ್ತು ವರ್ಷ ಎಡಗೆನ್ನೆಗೂ ಬಲಗೆನ್ನೆಗೂ ಕೃದಾ ಸಮ ಮಾಡಿದವನ ಕಣ್ಣು ಅದನ್ನು ಎಷ್ಟು ಹೊತ್ತು ತಾನೇ ಸಹಿಸೀತು. ಗಿರಾಕಿ ಎದ್ದುಹೋದ ಮೇಲೆ ಅದೇ ಕತ್ತರಿ, ಅದೇ ಬಾಚಣಿಗೆ ಹಿಡಿದು ಅಂಗಳಕ್ಕೆ ಹೋದ. ಎರಡೇ ಏಟಿಗೆ ಸಮ ಮಾಡಿ, ಹಿಂದೆ ಸರಿದು ನಿಂತು, ತಲೆಯನ್ನು ಆಚೆ ಈಚೆ ವಾಲಿಸಿ ನೋಡಿ ಮೆಚ್ಚಿಕೊಂಡ. ಬಿದ್ದ ಎಲೆಗಳನ್ನು ಗುಡಿಸಿಯೂ ಹಾಕಿದ.

ಆಸ್ಪತ್ರೆಯಿಂದ ಬಂದ ಸೂಜಕ್ಕ ಚಪ್ಪಲಿ ಬಿಡುವ ಮೊದಲೇ ಅಂಗಳಕ್ಕೆ ಹೋದಳು. ಅವಳ ಕೂಗು ಅಂಗಡಿಯ ಎರಡೂ ಕುರ್ಚಿಯ ಗಿರಾಕಿಗಳಿಗೂ ಕೇಳಿಸಿತು.

"ಯಾರು ಹೇಳಿದ್ರು ನಿಮಗೆ? ಯಾರಾದ್ರೂ ಕೇಳಿದ್ರಾ? ಅದು ಬೆಳೀಲಿ ಅಂತ ಬಿಟ್ಟಿದ್ದೆ. ಅದೊಂದೇ ಕೊಂಬೇನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದ್ದೆ. ನನ್ನ ಕೈ ಒಂದ್ಸಲ ಅದನ್ನ ಕೊಂದಿತ್ತು, ಎರಡನೇ ಸಲ ನೀವು ಕೊಂದ್ರಿ."

"ಒಂದು ಕಡೆ ಮಾತ್ರ ಹಾಗೆ ಬಿಟ್ಟು ಕಳಿಸೋಕೆ ಮನಸ್ಸು ಬರ್ಲಿಲ್ಲ ಕಣೇ," ಎಂದ ಅವನು. ನಿಜವನ್ನೇ ಹೇಳಿದ. ಅವನ ಮುಖ ಎಷ್ಟು ಸಣ್ಣದಾಗಿತ್ತೆಂದರೆ, ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಆವತ್ತು ಬರಲಿಲ್ಲ. ಮೂರು ದಿನ ಅವನೊಂದಿಗೆ ಮಾತು ಬಿಟ್ಟಳು. ಅಧ್ಯಕ್ಷರ ಗೇಟು ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು. ಹಸಿರು ಬಣ್ಣದ ಗೇಟು, ಅದರ ಪಕ್ಕದಲ್ಲಿ ತಾನು ಇಳಿಸಿ ಬರಬೇಕಾದ ಕುಂಡ. ಇನ್ನು ಐದು ತಿಂಗಳೂ ಉಳಿದಿರಲಿಲ್ಲ.

ನಾಲ್ಕನೇ ದಿನ ಎದ್ದವಳೇ ಸ್ಟೂಲು ಎಳೆದುಕೊಂಡು ಮರದ ಮುಂದೆ ಕೂತಳು. ಎಡಗೊಂಬೆಯಲ್ಲಿ ಉಳಿದದ್ದು ಹನ್ನೆರಡೋ ಹದಿನಾಲ್ಕೋ ಎಲೆ. ಅದರ ಒಂದೇ ಒಂದು ಎಲೆಯನ್ನೂ ಮುಟ್ಟಲಿಲ್ಲ. ಉಳಿದ ಇಡೀ ಮರದ ಎಲೆಗಳನ್ನು, ತೊಟ್ಟಿನ ಅರ್ಧ ಮಾತ್ರ ಉಳಿಸಿ, ಉಗುರಿನಿಂದ ಒಂದೊಂದಾಗಿ ಚಿವುಟುತ್ತಾ ಹೋದಳು. ಬಲವಿದ್ದ ಕೊಂಬೆಗಳು ಎಲೆ ಕಳೆದುಕೊಂಡು ಹೊಸದಾಗಿ ಮೊದಲಿಂದ ಶುರುಮಾಡಬೇಕು, ಆ ವೇಳೆಯಲ್ಲಿ ಬೇರಿನ ಕಸುವೆಲ್ಲಾ ಎಲೆಯಿರುವ ಒಂದೇ ಕೊಂಬೆಗೆ ಹರಿಯಬೇಕು. ಇದು ಗಟ್ಟಿ ಮರಕ್ಕೆ ಮಾತ್ರ ಮಾಡುವ ಕೆಲಸ. ಮರ ಒಳಗೇ ಸೋತಿದ್ದರೆ ಮತ್ತೆ ಚಿಗುರುವುದಿಲ್ಲ, ಅಷ್ಟೇ ಕತೆ. ಸೂಜಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಗಂಡ ಅಂಗಡಿಯ ಕೂದಲು ತುಂಬುವ ಮೊರವನ್ನು ತೊಳೆದು ತಂದು, ಉದುರುವ ಎಲೆಗೆ ಹಿಡಿದುಕೊಂಡು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವಳು ಬೇಡವೆನ್ನಲಿಲ್ಲ.

"ಮಾತಾಡ್ತೀಯಾ?" ಎಂದ.

"ಮೊರ ಸ್ವಲ್ಪ ಈ ಕಡೆ," ಎಂದಳು.

ನಾಲ್ಕು ದಿನ ಹಿಡಿಯಿತು. ಹೆಬ್ಬೆರಳಿನ ಉಗುರು ಹಸಿರು ಹಿಡಿದು ನಡುವೆ ಸೀಳಿತು.

ಸುದ್ದಿ ಬೇಕರಿಯವನ ಮೂಲಕ ಹೋಗಿರಬೇಕು. ಅವನು ಗಡ್ಡ ಕೆರೆಸಿಕೊಳ್ಳಲು ಬಂದವನು ಕನ್ನಡಿಯಲ್ಲಿ ಬೋಳು ಮರ ನೋಡಿ ಕಣ್ಣು ಬಾಯಿ ಬಿಟ್ಟುಕೊಂಡು ಹೋಗಿದ್ದ. ಮಾರನೇ ದಿನವೇ ಅಧ್ಯಕ್ಷರು ಬಂದರು. ಅಂಗಡಿಯನ್ನು ದಾಟಿ ನೇರ ಅಂಗಳಕ್ಕೆ ಬಂದು, ಮರ ನೋಡಿ, ಸ್ಕೇಲಿಗೆ ಕೈಹಾಕಿದವರು ಅದನ್ನು ತೆಗೆಯಲೂ ಮರೆತು ನಿಂತರು. ಬೋಳು ಮರ. ಒಂದು ಮೂಲೆಯಲ್ಲಿ ಮಾತ್ರ ಬೆರಳೆಣಿಕೆಯ ಎಲೆ.

"ಏನು ಮಾಡ್ಬಿಟ್ರಿ ಸೂಜಕ್ಕ? ಇದು ಉಳಿಯಲ್ಲ."

"ಉಳಿಯುತ್ತೆ."

"ನನಗೆ ಇದನ್ನ ನೋಡ್ತಾ ಇರೋಕಾಗಲ್ಲ. ನಾನು ಈಗ್ಲೇ ತಗೊಂಡು ಹೋಗ್ತೀನಿ. ಎಲೆ ಉದುರೋವರೆಗೆ ಅಂತ ಮಾತಾಗಿತ್ತು. ನೋಡಿ, ಉದುರಿದೆ."

"ಉದುರಿಲ್ಲ. ನಾನು ಕಿತ್ತಿದ್ದೀನಿ."

ಅಧ್ಯಕ್ಷರು ಕುಂಡದ ಕಡೆಗೆ ಬಗ್ಗಿದರು. ಸೂಜಕ್ಕ ಅವರಿಗೂ ಕುಂಡಕ್ಕೂ ನಡುವೆ ಬಂದು ನಿಂತಳು. ಎತ್ತರದಲ್ಲಿ ಅವರ ಭುಜಕ್ಕೆ ಬರುತ್ತಿದ್ದಳು, ಅಷ್ಟೇ. ಅಂಗಡಿಯ ಬಾಗಿಲಲ್ಲಿ ಗಂಡ ರೇಜರ್ ಹಿಡಿದುಕೊಂಡೇ ಬಂದು ನಿಂತ. ಹೊಡೆಯಲಲ್ಲ, ಗಾಬರಿಯಲ್ಲಿ ಇಟ್ಟುಬರಲು ಮರೆತದ್ದು. ಅವನ ಹಿಂದೆ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿ, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡೇ ಎದ್ದು ಬಂದಿದ್ದ.

"ನೋಡಿ ಸರ್," ಎಂದಳು ಸೂಜಕ್ಕ. ಧ್ವನಿ ಏರಿಸಲಿಲ್ಲ. "ಮೂವತ್ತೊಂದು ವರ್ಷ ನಾನು ಬೇರೆಯವರ ಬಟ್ಟೆ ಹರಿದಿದ್ದು ಕಾಣದ ಹಾಗೆ ಮಾಡ್ದೆ. ಕಾಣಬಾರದು, ಅದೇ ಕೆಲಸ. ಕಂಡ್ರೆ ಬೈತಿದ್ರು, ಕಾಣದಿದ್ರೆ ಕೋಟು ಹಾಕ್ಕೊಂಡು ಹೋಗ್ತಿದ್ರು. ನಾನು ಮಾಡಿದ್ದು ಅಂತ ಬೆರಳಿಟ್ಟು ತೋರಿಸೋಕೆ ಒಂದು ಹೊಲಿಗೆ ಇಲ್ಲ ನನಗೆ. ಇದೊಂದು ಕಾಣೋ ಕೆಲಸ ನಂದು. ಈ ಕೈ ಏನೇನು ತಗೊಂಡು ಹೋಗ್ಬೇಕೋ ತಗೊಂಡು ಹೋಗ್ಲಿ. ಟೀ ಲೋಟ ತುಂಬಾ ಹಿಡಿಯೋಕಾಗಲ್ಲ, ರುಜು ಹಾಕಿದ್ರೆ ಬ್ಯಾಂಕಿನಲ್ಲಿ ನಂಬಲ್ಲ. ಆಯ್ತು. ಇದನ್ನ ಮಾತ್ರ ಕೊಡಲ್ಲ. ಕೈಗೂ ಕೊಡಲ್ಲ, ನಿಮಗೂ ಕೊಡಲ್ಲ. ಎಲೆ ತಾನಾಗೇ ಉದುರಿದ ದಿನ ಕೇಳಿ, ಅದಕ್ಕೂ ಮುಂಚೆ ಒಂದು ದಿನ ಬಂದ್ರೂ ಗಡ್ಡ ಕೆರೆಸ್ಕೊಂಡು ಹೋಗೋಕೆ ಮಾತ್ರ ಬನ್ನಿ."

ಗಿರಾಕಿ ತಲೆಯಾಡಿಸಿದ. ಸೋಪು ನೆಲಕ್ಕೆ ತೊಟ್ಟಿಕ್ಕಿತು. ಅಧ್ಯಕ್ಷರು ಮರವನ್ನೊಮ್ಮೆ, ಅವಳ ಸೀಳಿದ ಉಗುರನ್ನೊಮ್ಮೆ ನೋಡಿದರು. "ಸತ್ತರೆ ನನಗೆ ತುಂಬಾ ಬೇಜಾರಾಗುತ್ತೆ," ಎಂದರು. ಅದೂ ನಿಜವೇ ಆಗಿತ್ತು.

ಅವರು ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕೂತಳು. ಭಯವಾಗಿತ್ತು. ಬಾಯಿಬಿಟ್ಟು ಹೇಳಿದಳು ಕೂಡ: "ರೀ, ಭಯ ಆಗ್ತಿದೆ." ಗಂಡ ಆವತ್ತು ಜಾಣನಾಗಿದ್ದ. ಲೋಟಕ್ಕೆ ಅರ್ಧ ಮಾತ್ರ ಟೀ ತುಂಬಿಸಿ ತಂದು ಕೊಟ್ಟ.

ಒಂದು ವಾರ ಏನೂ ಇಲ್ಲ. ಒಣ ತೊಟ್ಟುಗಳು ಮುಟ್ಟಿದರೆ ಉದುರಿದವು, ಅದು ಒಳ್ಳೆಯ ಲಕ್ಷಣ, ಆದರೆ ಲಕ್ಷಣ ನೋಡಿಕೊಂಡು ಎಷ್ಟು ದಿನ ಕೂತಿರುವುದು. ಹನ್ನೆರಡನೇ ಬೆಳಿಗ್ಗೆ ಅವಳು ಎಂದಿನಂತೆ ಬೆರಳಿನಿಂದ ಕಡ್ಡಿಗಳ ಮೇಲೆ ತಡವಿದಾಗ, ನಯವಾಗಿದ್ದ ಕಡೆಯೆಲ್ಲಾ ಮರಳು ಅಂಟಿದಂತೆ ಒರಟು ತಾಗಿತು. ಕನ್ನಡಕ ಹಾಕಿಕೊಂಡು ನೋಡುವ ಮೊದಲೇ ಅವಳಿಗೆ ತಿಳಿದುಹೋಗಿತ್ತು. ಮೊಗ್ಗು. ಒಂದೊಂದು ತುದಿಯಲ್ಲಿ ಎರಡೆರಡು, ಕೆಲವೆಡೆ ಮೂರು. ಸೂಜಕ್ಕ ಅಲ್ಲೇ ನಿಂತು ಅತ್ತಳು. ಒಳ್ಳೆಯ ಹಠಮಾರಿಗಳು ಅಳುವ ಹಾಗೆ, ಯಾರ ಮೇಲೋ ಸಿಟ್ಟು ಮಾಡಿಕೊಂಡ ಮುಖದಲ್ಲಿ.

ಈ ಸಲದ ಎಲೆಗಳು ಮೊದಲಿನದರ ಅರ್ಧದಷ್ಟೇ ಇದ್ದವು, ಕಡ್ಡಿಗಳು ನೂಲಿನಂತೆ. ಅವನ್ನೂ ಒಂದೊಂದಾಗಿ ಚಿವುಟಿದಳು. ಎಡಗೊಂಬೆ ಆ ಹನ್ನೆರಡು ದಿನದಲ್ಲಿ ಇಡೀ ಮರದ ಕಸುವನ್ನು ತಾನೊಂದೇ ಕುಡಿದು ಎದ್ದು ಕೂತಿತ್ತು. ವಿಶೇಷವೆಂದರೆ, ಗಂಡ ಸಮ ಮಾಡಿದ ಎರಡು ತುದಿಗಳಲ್ಲಿ ನಾಲ್ಕು ನಾಲ್ಕು ಹೊಸ ಕಡ್ಡಿ ಒಡೆದಿದ್ದವು. ಅವನು ಕತ್ತರಿ ಆಡಿಸದೆ ಇದ್ದಿದ್ದರೆ ಅಷ್ಟು ಒಡೆಯುತ್ತಿರಲಿಲ್ಲ. ಇದನ್ನು ಮಾತ್ರ ಅವಳು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಬಾಚಣಿಗೆ ಹಿಡಿದು ಮತ್ತೆ ಅಂಗಳಕ್ಕೆ ಬರುತ್ತಿದ್ದ.

ಎಲೆ ಹಳದಿಯಾಯಿತು. ಒಂದು ವಾರ ಗಾಳಿ ಬೀಸಿತು. ಮರ ತಾನಾಗಿ ಬೋಳಾಯಿತು. ಅವಳು ಕವಲು ಎಣಿಸಲಿಲ್ಲ. ಎಣಿಸಿ ನಾಲ್ಕೆಂದಾದರೆ ಪ್ರದರ್ಶನಕ್ಕೆ ಹೋಗುವ ಧೈರ್ಯ ಉಳಿಯದೆಂದು ಬೇಕೆಂದೇ ಎಣಿಸಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಗಂಡ ಕೈಗಾಡಿಯಲ್ಲಿ ಮರವನ್ನು ಸಭಾಂಗಣದ ಬಾಗಿಲಿನವರೆಗೆ ತಳ್ಳಿಕೊಂಡು ಬಂದ. ಎತ್ತಲು ಬಗ್ಗಿದವನನ್ನು ಅವಳು ತಡೆದಳು.

"ನಾನೇ ಹೊತ್ಕೊಂಡ್ ಬರ್ತೀನಿ ಅಂದಿದ್ದೆ."

"ನಡುಗುತ್ತೆ ಕಣೇ. ಬಿದ್ದುಗಿದ್ದು ಹೋದ್ರೆ?"

"ನಡುಗ್ಲಿ."

ಎರಡು ಕೈಯಲ್ಲಿ ಕುಂಡವನ್ನು ಎದೆಗೆ ಒತ್ತಿ ಹಿಡಿದು ಸೂಜಕ್ಕ ಒಳಗೆ ಬಂದಳು. ಮೇಜುಗಳ ಮೇಲೆ ಮರಗಳು ಸಾಲಾಗಿ ಅಲ್ಲಾಡದೆ ನಿಂತಿದ್ದವು. ಅವಳ ಎರಡೂ ಕೈ ನಡುಗುತ್ತಿದ್ದವು, ಎಲ್ಲರಿಗೂ ಕಾಣುವಷ್ಟು. ಮರದ ಕಾಂಡ ಅಲುಗಲಿಲ್ಲ. ದಪ್ಪ ಕೊಂಬೆಗಳೂ ಅಲುಗಲಿಲ್ಲ. ತುದಿಯಲ್ಲಿದ್ದ ನೂಲಿನಂಥ ಸಾವಿರಾರು ಕಡ್ಡಿಗಳು ಮಾತ್ರ, ಅಷ್ಟೂ, ಒಟ್ಟಿಗೆ ಕಂಪಿಸುತ್ತಿದ್ದವು. ಮುಚ್ಚಿದ ಸಭಾಂಗಣದಲ್ಲಿ ಆ ಒಂದು ಮರಕ್ಕೆ ಮಾತ್ರ ಗಾಳಿ ಬೀಸುತ್ತಿರುವ ಹಾಗಿತ್ತು. ಮಾತಾಡುತ್ತಿದ್ದವರು ನಿಲ್ಲಿಸಿ ದಾರಿ ಬಿಟ್ಟರು.

ಅಧ್ಯಕ್ಷರು ಸ್ಕೇಲು ತೆಗೆದುಕೊಂಡು ಹತ್ತಿರ ಬಂದರು. "ಕೆಳಗಿಡಿ ಸೂಜಕ್ಕ, ಎಣಿಸ್ಬೇಕು."

"ಹಿಡ್ಕೊಂಡಿರ್ತೀನಿ. ಎಣಿಸಿ."

ಅವರು ಕಾಂಡದಿಂದ ಶುರುಮಾಡಿದರು. ಸ್ಕೇಲಿನ ತುದಿ ಒಂದು, ಎರಡು, ಮೂರು ಎಂದು ಕೊಂಬೆಯಿಂದ ರೆಂಬೆಗೆ, ರೆಂಬೆಯಿಂದ ಕಡ್ಡಿಗೆ ಹತ್ತಿತು. ನಾಲ್ಕಕ್ಕೆ ಬಂತು. ಅಲ್ಲಿಂದ ಮುಂದೆ ಸ್ಕೇಲು ಒಂದು ಕಡೆ ಹೋದರೆ ಕಡ್ಡಿ ಇನ್ನೊಂದು ಕಡೆ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ಅಲ್ಲಾಡ್ತಿದೆ," ಎಂದರು.

"ದಪ್ಪ ಕಡ್ಡಿ ಅಲ್ಲಾಡಲ್ಲ ಸರ್. ನಾಲ್ಕರ ಮೇಲೆ ಒಡೆದಿದ್ದು ಮಾತ್ರ ಅಲ್ಲಾಡುತ್ತೆ."

ಅಧ್ಯಕ್ಷರ ಸ್ಕೇಲು ಅಲ್ಲೇ ನಿಂತಿತು. ಅವರು ಬಹಳ ಹೊತ್ತು, ಎಣಿಸುವುದನ್ನು ಬಿಟ್ಟು, ಸುಮ್ಮನೆ ನೋಡಿದರು. ಆಮೇಲೆ ಸ್ಕೇಲನ್ನು ಜೇಬಿಗೆ ಹಾಕಿಕೊಂಡು, ಮುಂದಿನ ಮೇಜಿನ ನಡುವೆ ಇದ್ದ ತಮ್ಮದೇ ಪೈನ್ ಮರವನ್ನು ಎತ್ತಿ ಪಕ್ಕಕ್ಕೆ ಸರಿಸಿದರು.

"ಯಾವ ಕತ್ತರಿ?" ಎಂದು ಮೆಲ್ಲಗೆ ಕೇಳಿದರು.

ಅವಳು ಕುಂಡವನ್ನು ಇಳಿಸಿ, ಹೆಬ್ಬೆರಳನ್ನು ಅವರ ಮುಂದೆ ಹಿಡಿದಳು. ಉಗುರು ಬೆಳೆದು ಸೀಳು ಅರ್ಧ ಹೋಗಿತ್ತು, ಹಸಿರು ಬಣ್ಣ ಇನ್ನೂ ಬಿಟ್ಟಿರಲಿಲ್ಲ.

"ಮುಂದಿನ ವರ್ಷ ಕೈ ನಡುಕ ಇನ್ನೂ ಜಾಸ್ತಿಯಾದ್ರೆ?"

"ಆಗುತ್ತೆ. ಡಾಕ್ಟರ್ ಹೇಳಿದ್ದಾರೆ. ಆರು ಕವಲು ತಂದಾಗ ಎಣಿಸೋಕೆ ಬನ್ನಿ."

ಇಷ್ಟು ಹೇಳಿ ಅವಳು ಕುಂಡವನ್ನು ನಿಧಾನವಾಗಿ ತಿರುಗಿಸಿದಳು. ಕೆಳಗಿನ ಎಡಗೊಂಬೆ ಮುಂದಕ್ಕೆ ಬಂತು. ಚಳಿಗಾಲದ ಕೊನೆಯಲ್ಲಿ ಅವಳ ಕೈ ಕತ್ತರಿಸಿದ ಮೊಂಡು, ಅದರ ಅಂಚಿನಲ್ಲಿ ಉಬ್ಬಿದ ಗಾಯದ ಗುರುತು, ಅಲ್ಲಿಂದ ಎದ್ದ ಹೊಸ ಕವಲು, ಎಲ್ಲವೂ ನೋಡುವವರಿಗೆ ನೇರ ಎದುರಿಗೆ ಬಂದವು.

"ಗಾಯ ಮುಂದೆ ಬಂತು ಸೂಜಕ್ಕ," ಎಂದರು ಅಧ್ಯಕ್ಷರು. "ಸ್ವಲ್ಪ ತಿರುಗಿಸಿದ್ರೆ ಕಾಣಲ್ಲ."

"ಗೊತ್ತು," ಎಂದಳು ಅವಳು. "ಮೂವತ್ತೊಂದು ವರ್ಷ ಕಾಣದ ಹಾಗೆ ಮಾಡಿದ್ದು ಸಾಕು. ಕಾಣ್ಲಿ."

ಆಮೇಲೆ ಗಂಡನ ಕಡೆ ತಿರುಗಿ, ಕೈಗಾಡಿಯನ್ನು ಬಾಗಿಲಿಗೆ ಅಡ್ಡ ಬಿಟ್ಟು ಬಂದಿದ್ದಕ್ಕೆ ಬೈದಳು.